ಬಾಡಿಗೆಯ ವಾಹನ ಮತ್ತು ಅಮಾನತಿನ ಪ್ರಶ್ನೆ



ಬಾಡಿಗೆಗೆ ಕಾರು ಪಡೆದು ನಾವೇ ಓಡಿಸಿಕೊಂಡು ಹೋಗುವ ರೂಢಿ ಈಗ ನಮ್ಮ ಕುಟುಂಬಗಳಲ್ಲೂ ಸಾಮಾನ್ಯವಾಗಿದೆ. ಕಾರು ಕೊಡುವ ಮುನ್ನ ಕಚೇರಿಯವರು ಒಂದು ಪ್ರಶ್ನೆ ಕೇಳುತ್ತಾರೆ: "ನಿಮ್ಮ ಹೊರತು ಬೇರೆ ಯಾರಾದರೂ ಓಡಿಸುವವರಿದ್ದಾರೆಯೇ?" ಈ ಪ್ರಶ್ನೆಗೆ ನೀವು ಏನೆಂದು ಉತ್ತರಿಸುತ್ತೀರಿ?

ನಾನು ಒಮ್ಮೆ "ಇಲ್ಲ" ಎಂದಿದ್ದೆ. ಮದುವೆಯೊಂದಕ್ಕಾಗಿ ಬೆಂಗಳೂರಿನಿಂದ ಮಂಗಳೂರಿಗೆ ಮನೆಮಂದಿಯೆಲ್ಲ ಹೊರಟಿದ್ದೆವು. ಕರಾರು ನನ್ನ ಹೆಸರಿನಲ್ಲಿತ್ತು. ಇನ್ನೊಂದು ಹೆಸರು ಸೇರಿಸಬೇಕಾದರೆ ದಿನಕ್ಕೆ ಇಷ್ಟೆಂದು ಹೆಚ್ಚು ಹಣ ಕೇಳಿದರು. ನನ್ನ ಭಾವಮೈದುನ ಪಕ್ಕದಲ್ಲೇ ನಿಂತಿದ್ದ. ದಾರಿಯಲ್ಲಿ ಅವನೂ ಓಡಿಸುತ್ತಾನೆಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಹಾಸನ ದಾಟುವಾಗ ನನಗೆ ತೂಕಡಿಕೆ ಹತ್ತಿತು. ಸಕಲೇಶಪುರದಲ್ಲಿ ಚಹಾ ಕುಡಿದು ಕೀಲಿಯನ್ನು ಅವನ ಕೈಗಿತ್ತೆ. ಘಾಟಿಯಲ್ಲಿ ಹಿಂದಿನ ಸೀಟಿನಿಂದ ನನ್ನ ಎಂಟು ವರ್ಷದ ಮಗ ಕೇಳಿದ: "ಅಬ್ಬಾ, ಮಾಮ ಓಡಿಸುವುದಿಲ್ಲ ಅಂತ ನೀವು ಹೇಳಿದಿರಲ್ಲ?" ನಾನು ನಿದ್ದೆ ಬಂದವನಂತೆ ಕಣ್ಣು ಮುಚ್ಚಿಕೊಂಡೆ. ಭಾವಮೈದುನ ನನಗಿಂತ ಚೆನ್ನಾಗಿಯೇ ಶಿರಾಡಿ ಘಾಟಿ ಇಳಿಸಿದ. ಮೂರನೆಯ ದಿನ ಒಂದು ಗೀರೂ ಇಲ್ಲದೆ ಕಾರನ್ನು ಮರಳಿಸಿದೆವು. ಏನೂ ಆಗಲಿಲ್ಲ.

ಈ "ಏನೂ ಆಗಲಿಲ್ಲ" ಎಂಬ ಮಾತೇ ನನ್ನನ್ನು ಬಹಳ ದಿನ ಕಾಡಿತು. ಯಾರಿಗೂ ನಷ್ಟವಾಗದಿದ್ದರೆ ತಪ್ಪು ಎಲ್ಲಿಂದ ಬಂತು? ಚಾಲನಾ ಪರವಾನಗಿ ಇರುವ, ಅನುಭವಿಯಾದ ಒಬ್ಬನು ಓಡಿಸಿದರೆ ಕಾರಿಗೇನು, ಕಂಪೆನಿಗೇನು?

ಮದ್ರಸಾದಲ್ಲಿ ಬಾಡಿಗೆಯ ಅಧ್ಯಾಯವನ್ನು ಓದುವಾಗ ನಮ್ಮ ಉಸ್ತಾದರು ಒಂದು ವ್ಯತ್ಯಾಸವನ್ನು ಒತ್ತಿ ಹೇಳುತ್ತಿದ್ದರು. ಹನಫೀ ಫಿಕ್ಹ್‌ನಲ್ಲಿ ಬಾಡಿಗೆಯ ವಸ್ತುಗಳು ಎರಡು ಬಗೆ. ಬಳಸುವವನು ಬದಲಾದರೂ ಬಳಕೆ ಬದಲಾಗದಂತಹವು ಮೊದಲನೆಯವು. ವಾಸಕ್ಕೆಂದು ಪಡೆದ ಮನೆ ಇದಕ್ಕೆ ಉದಾಹರಣೆ. ನೀವು ವಾಸಿಸಿದರೂ ನಿಮ್ಮ ಅಣ್ಣ ವಾಸಿಸಿದರೂ ಗೋಡೆಗೆ ವ್ಯತ್ಯಾಸವಿಲ್ಲ. ಆದರೆ ಅಲ್ಲೂ ಕಮ್ಮಾರನ ಕುಲುಮೆಯನ್ನು ಹೂಡುವಂತಿಲ್ಲ. ಬಳಸುವವನ ಕೈಯನ್ನು ಹೊಂದಿಕೊಂಡು ಬಳಕೆಯೇ ಬದಲಾಗುವಂತಹವು ಎರಡನೆಯವು. ಸವಾರಿಯ ಪ್ರಾಣಿ ಇದಕ್ಕೆ ಉದಾಹರಣೆ. ತನ್ನ ಸವಾರಿಗೆಂದು ಕುದುರೆಯನ್ನು ಬಾಡಿಗೆಗೆ ಪಡೆದವನು ಅದರ ಮೇಲೆ ಇನ್ನೊಬ್ಬನನ್ನು ಏರಿಸುವಂತಿಲ್ಲ. 1869ರಿಂದ 1876ರ ಅವಧಿಯಲ್ಲಿ ಉಸ್ಮಾನೀ ಆಡಳಿತವು ಈ ಫಿಕ್ಹನ್ನು 'ಮಜಲ್ಲಾ' ಎಂಬ ಕಾನೂನು ಸಂಹಿತೆಯಾಗಿ ಜೋಡಿಸಿದಾಗ 427 ಮತ್ತು 428ನೇ ವಿಧಿಗಳಲ್ಲಿ ಈ ಎರಡನ್ನೂ ಅಕ್ಕಪಕ್ಕದಲ್ಲೇ ಇರಿಸಿತು.

ಕಾರು ಮನೆಯಂತಹದೇ, ಕುದುರೆಯಂತಹದೇ? ನೀವೇ ಹೇಳಿ. ಬ್ರೇಕು, ಕ್ಲಚ್ಚು, ತಿರುವಿನಲ್ಲಿ ತೋರುವ ಸಂಯಮ, ಎಲ್ಲವೂ ಓಡಿಸುವವನ ಗುಣವನ್ನೇ ಅವಲಂಬಿಸಿವೆ. ಹಾಗಾಗಿ ಮಾಲೀಕನು ಪರವಾನಗಿಯನ್ನು ನೋಡುತ್ತಾನೆ, ವಯಸ್ಸನ್ನು ಕೇಳುತ್ತಾನೆ, ಹೆಸರನ್ನು ಬರೆಸಿಕೊಳ್ಳುತ್ತಾನೆ. ಅವನು ಕಾರನ್ನು ನಮ್ಮ ಕುಟುಂಬಕ್ಕೆ ಒಪ್ಪಿಸಿಲ್ಲ, ಒಬ್ಬ ವ್ಯಕ್ತಿಗೆ ಒಪ್ಪಿಸಿದ್ದಾನೆ. ತನ್ನ ಸೊತ್ತು ಯಾರ ಕೈಯಲ್ಲಿದೆ ಎಂದು ತಿಳಿಯುವುದು ಅವನ ಹಕ್ಕು. ನಾನು ಕಸಿದುಕೊಂಡದ್ದು ಆ ಹಕ್ಕನ್ನು. ಅಮಾನತು ಮುರಿದದ್ದು ಘಾಟಿಯಲ್ಲಲ್ಲ, ನಾನು "ಇಲ್ಲ" ಎಂದ ಆ ಕೌಂಟರಿನಲ್ಲಿ. ಕಾರು ಸುರಕ್ಷಿತವಾಗಿ ಮರಳಿದ್ದು ಅಲ್ಲಾಹನ ಅನುಗ್ರಹವೇ ಹೊರತು ನನ್ನ ಪ್ರಾಮಾಣಿಕತೆಗೆ ಸಾಕ್ಷಿಯಲ್ಲ.

ಇನ್ನೊಂದು ವಿಷಯವನ್ನೂ ಗಮನಿಸಿ. ಬಾಡಿಗೆಯ ವಸ್ತು ಬಾಡಿಗೆದಾರನ ಬಳಿ ಅಮಾನತು. ಅವನ ತಪ್ಪಿಲ್ಲದೆ ಹಾಳಾದರೆ ಅವನು ದಂಡ ತೆರಬೇಕಿಲ್ಲ, ಆದರೆ ಮೇರೆ ಮೀರಿದರೆ ಹೊಣೆ ಅವನದೇ. ಇಂದಿನ ಕರಾರುಗಳ ನಡೆಯೂ ಇದನ್ನೇ ಹೋಲುತ್ತದೆ. ಹೆಸರಿರುವ ಚಾಲಕನಿಂದ ಅಪಘಾತವಾದರೆ ನಾವು ಕೊಡಬೇಕಾದ ಮೊತ್ತಕ್ಕೆ ಸಾಮಾನ್ಯವಾಗಿ ಒಂದು ಮಿತಿ ಇರುತ್ತದೆ. ಹೆಸರಿಲ್ಲದವನು ಓಡಿಸಿದ್ದರೆ ಆ ಮಿತಿಯೇ ಇಲ್ಲವಾಗಿ, ದುರಸ್ತಿಯ ಪೂರ್ಣ ಖರ್ಚು ತಲೆಯ ಮೇಲೆ ಬೀಳಬಹುದು. ಉಳಿಸಿದ ನೂರಾರು ರೂಪಾಯಿಗಾಗಿ ಒಂದು ಬಡ ಕುಟುಂಬ ವರ್ಷಗಟ್ಟಲೆ ಸಾಲ ತೀರಿಸಬೇಕಾದೀತು.

"ಇನ್ನೊಂದು ಹೆಸರಿಗೆ ಹಣ ಕೇಳುವುದೇ ಅನ್ಯಾಯವಲ್ಲವೇ?" ಎಂದು ಕೆಲವರು ಕೇಳುತ್ತಾರೆ. ಇರಬಹುದು. ಕೆಲವೆಡೆ ಪತಿ ಅಥವಾ ಪತ್ನಿಯ ಹೆಸರನ್ನು ಉಚಿತವಾಗಿಯೇ ಸೇರಿಸುತ್ತಾರೆ, ಕೆಲವೆಡೆ ಇಲ್ಲ. ಅನ್ಯಾಯವೆನಿಸಿದರೆ ಚೌಕಾಸಿ ಮಾಡಿರಿ, ಬೇರೆ ಕಡೆ ಹೋಗಿರಿ, ಬಸ್ಸು ಹತ್ತಿರಿ. ಆದರೆ ಸಹಿ ಹಾಕಿ ಒಳಗಿಂದೊಳಗೆ ಮುರಿಯುವ ಹಕ್ಕು ನಮಗಿಲ್ಲ. ಸೂರಃ ಅಲ್ ಮಾಇದಃ ಆರಂಭವಾಗುವುದೇ ಕರಾರುಗಳನ್ನು ಪಾಲಿಸಬೇಕೆಂಬ ಆದೇಶದಿಂದ. ನಮಗೆ ಇಷ್ಟವಾದ ಕರಾರುಗಳನ್ನು ಮಾತ್ರ ಎಂದು ಅಲ್ಲಿ ಹೇಳಿಲ್ಲ.

ನಿಜವಾಗಿ ಕಠಿಣವಾದ ಪ್ರಶ್ನೆ ಬೇರೆ ಇದೆ. ದಾರಿಯಲ್ಲಿ ನಿದ್ದೆ ಬಂದರೆ? ಕರಾರು ಉಳಿಸಲೆಂದು ಮಕ್ಕಳ ಜೀವವನ್ನು ಅಪಾಯಕ್ಕೆ ಒಡ್ಡಬೇಕೇ? ಖಂಡಿತ ಬೇಡ. ಕಾರು ನಿಲ್ಲಿಸಿ ಮಲಗಿರಿ. ಮದುವೆಗೆ ಒಂದು ಗಂಟೆ ತಡವಾದರೆ ಏನೂ ಮುಳುಗುವುದಿಲ್ಲ. ಆದರೆ ಚಾಲಕನಿಗೆ ಎದೆನೋವು ಬಂದು ಆಸ್ಪತ್ರೆಗೆ ಧಾವಿಸಬೇಕಾದಾಗ, ಪರವಾನಗಿ ಇರುವ ಯಾರಾದರೂ ಚಕ್ರ ಹಿಡಿಯಲಿ. ಜೀವ ಮೊದಲು. ಆದರೂ ನಮ್ಮ ಅನಿವಾರ್ಯತೆಯಿಂದ ಇನ್ನೊಬ್ಬರ ಹಕ್ಕು ಅಳಿದುಹೋಗುವುದಿಲ್ಲ ಎಂಬುದೂ ಫಿಕ್ಹ್‌ನ ನಿಯಮವೇ. ಆದ್ದರಿಂದ ಆದಷ್ಟು ಬೇಗ ಕಂಪೆನಿಗೆ ತಿಳಿಸಬೇಕು, ಹಾನಿಯಾಗಿದ್ದರೆ ಭರಿಸಬೇಕು. ಅಪಘಾತವಾದ ಮೇಲೆ ಪೊಲೀಸರು ಬರುವ ಮುನ್ನ ಸೀಟು ಬದಲಾಯಿಸಿ ಕುಳಿತುಕೊಳ್ಳುವ ಚಾಳಿಯಂತೂ ಸುಳ್ಳು ಸಾಕ್ಷ್ಯವಲ್ಲದೆ ಬೇರೇನೂ ಅಲ್ಲ.

ಕರಾವಳಿಯ ಅದೆಷ್ಟೋ ಮನೆಗಳವರು ಕೊಲ್ಲಿ ರಾಷ್ಟ್ರಗಳಲ್ಲಿದ್ದಾರೆ. ಉಮ್ರಾ ಮುಗಿಸಿ ಬಾಡಿಗೆ ಕಾರಿನಲ್ಲಿ ಮಕ್ಕಾದಿಂದ ಸುಮಾರು 450 ಕಿಲೋಮೀಟರ್ ದೂರದ ಮದೀನಾಕ್ಕೆ ರಾತ್ರಿಯಿಡೀ ಸಾಗುವವರಿದ್ದಾರೆ. ಅಲ್ಲಿ 2010ರಲ್ಲಿ ಆರಂಭವಾದ 'ಸಾಹಿರ್' ಕ್ಯಾಮರಾಗಳು ವೇಗದ ದಂಡವನ್ನು ಬರೆದರೆ ಅದು ಕಾರು ಯಾರ ಹೆಸರಿನಲ್ಲಿದೆಯೋ ಅವನನ್ನು ತಲುಪುತ್ತದೆ. ಓಡಿಸಿದವನು ಅಳಿಯ, ಅಪರಾಧಿ ಮಾವ! 2018ರ ಜೂನ್‌ನಿಂದ ಸೌದಿಯಲ್ಲಿ ಮಹಿಳೆಯರಿಗೂ ವಾಹನ ಚಲಾಯಿಸುವ ಅನುಮತಿ ಇದೆ. ಪರವಾನಗಿ ಇರುವ ಪತ್ನಿಯ ಹೆಸರನ್ನು ಮೊದಲೇ ಕರಾರಿನಲ್ಲಿ ಸೇರಿಸಿದರೆ ಈ ತೊಡಕೇ ಇಲ್ಲ. ಹರಮ್‌ನಲ್ಲಿ ಅತ್ತು ಪಶ್ಚಾತ್ತಾಪಪಟ್ಟ ಕೈಗಳು ಪ್ರವಾದಿ(ಸ)ಯವರ ನಗರದ ದಾರಿಯಲ್ಲೇ ಒಂದು ಅಮಾನತನ್ನು ಮುರಿದರೆ ಆ ಯಾತ್ರೆಯಿಂದ ನಾವು ಕಲಿತದ್ದೇನು?

ಕೆಲವು ತಿಂಗಳ ಬಳಿಕ ಅದೇ ಕಚೇರಿಗೆ ಹೋದಾಗ ಹಳೆಯ ವಿಷಯವನ್ನು ಹೇಳಿ ಎರಡನೆಯ ಹೆಸರಿನ ಹಣವನ್ನು ಮುಂದಿಟ್ಟೆ. ಅಲ್ಲಿದ್ದ ಯುವಕ ನಕ್ಕುಬಿಟ್ಟ. ಮುಗಿದ ಲೆಕ್ಕದಲ್ಲಿ ಅದನ್ನು ಬರೆಯಲು ಜಾಗವಿಲ್ಲವೆಂದು ಹಣವನ್ನು ಹಿಂದೆ ತಳ್ಳಿದ. ಆ ದಿನ ಮಗನೂ ನನ್ನ ಜೊತೆಗಿದ್ದ. ಹೊಸ ಕರಾರಿನಲ್ಲಿ ಮಾಮನ ಹೆಸರು ಬರೆಸುವುದನ್ನು ಅವನು ಮೇಜಿನಂಚಿಗೆ ಗಲ್ಲವಿಟ್ಟು ಕೊನೆಯವರೆಗೂ ನೋಡಿದ.

ನಮ್ಮ ಮಕ್ಕಳು ಹಿಂದಿನ ಸೀಟಿನಲ್ಲಿ ಕುಳಿತೇ ದೀನನ್ನು ಕಲಿಯುತ್ತಿದ್ದಾರೆ. ಯಾರೂ ನೋಡದಿರುವಾಗಲೂ ಅಮಾನತನ್ನು ಕಾಯುವ ಮನಸ್ಸನ್ನು ಅಲ್ಲಾಹನು ನಮಗೂ ಅವರಿಗೂ ಅನುಗ್ರಹಿಸಲಿ.