ಅರ್ಥದಲ್ಲೂ ಮೀರಬಾರದು

ಧಾರೆಯ ಹೊತ್ತಿನಲ್ಲಿ ಹೆಣ್ಣಿನ ತಂದೆ ವರನಿಂದ ಒಂದು ಮಾತು ತೆಗೆದುಕೊಳ್ಳುತ್ತಾನೆ. ಧರ್ಮದಲ್ಲಿ, ಅರ್ಥದಲ್ಲಿ, ಕಾಮದಲ್ಲಿ ಇವಳನ್ನು ಮೀರಿ ನಡೆಯಬಾರದು ಎಂದು. ವರ ‘ನಾತಿಚರಾಮಿ’ ಎನ್ನುತ್ತಾನೆ. ಗಟ್ಟಿಮೇಳದ ಗದ್ದಲದಲ್ಲಿ ಅದು ಎಷ್ಟು ಜನರ ಕಿವಿಗೆ ಬೀಳುತ್ತದೋ! ಕಾಮದ ಮಾತನ್ನು ನೆನಪಿಟ್ಟುಕೊಂಡೆವು, ಅರ್ಥದ ಮಾತನ್ನು ಮರೆತೆವು.

2018ರ ಸೆಪ್ಟೆಂಬರ್ 27ರಂದು ಸುಪ್ರೀಂ ಕೋರ್ಟು, ಪರಸಂಗವನ್ನು ಅಪರಾಧವೆನ್ನುತ್ತಿದ್ದ ದಂಡಸಂಹಿತೆಯ 497ನೇ ಕಲಮನ್ನು ರದ್ದು ಮಾಡಿದಾಗ, ಧರ್ಮವೇ ಮುಳುಗಿತು ಎಂದು ಕೊರಗಿದವರಿದ್ದಾರೆ. ಆ ಕಲಮಿನಲ್ಲಿ ಧರ್ಮ ಎಲ್ಲಿತ್ತು? ಪರರ ಹೆಂಡತಿಯನ್ನು ಕೂಡಿದವನಿಗೆ ಐದು ವರ್ಷದವರೆಗೆ ಜೈಲು. ಆದರೆ ಆಕೆಯ ಗಂಡ ಒಪ್ಪಿಕೊಂಡಿದ್ದರೆ ಅದು ಅಪರಾಧವೇ ಅಲ್ಲ! ತನ್ನ ಗಂಡ ದಾರಿ ಬಿಟ್ಟನೆಂದು ದೂರು ಕೊಡುವ ಹಕ್ಕು ಹೆಂಡತಿಗೆ ಇರಲೇ ಇಲ್ಲ. ಹೆಣ್ಣನ್ನು ಗಂಡನ ಸೊತ್ತೆಂದು ಬಗೆದ, 1860ರ ಬ್ರಿಟಿಷರ ಕಾನೂನು ಅದು. ಹೋದದ್ದೇ ಒಳ್ಳೆಯದಾಯಿತು.

ನಮ್ಮ ವಾಲ್ಮೀಕಿಗಳನ್ನು ನೋಡಿ. ಅಹಲ್ಯೆಯ ಪ್ರಸಂಗದಲ್ಲಿ ಗೌತಮರು ಇಂದ್ರನನ್ನೂ ಬಿಡಲಿಲ್ಲ, ಶಾಪ ಕೊಟ್ಟರು. ದೇವರಾಜನೆಂಬ ರಿಯಾಯಿತಿ ಇಲ್ಲ. ಅಹಲ್ಯೆಯ ಶಾಪಕ್ಕೆ ಕೊನೆಯನ್ನೂ ಅವರೇ ಹೇಳಿದರು. ರಾಮಲಕ್ಷ್ಮಣರು ಬಂದು ಆ ತಾಯಿಯ ಪಾದ ಮುಟ್ಟಿದರು, ಗೌತಮರು ಮತ್ತೆ ಅವಳೊಡನೆ ಬಾಳಿದರು. ತಪ್ಪಿಗೆ ಇಬ್ಬರೂ ಹೊಣೆ, ಶಿಕ್ಷೆಗೆ ಒಂದು ಮಿತಿ. ಇದನ್ನು ಎಷ್ಟು ಸಲ ಓದಿದರೂ ನನಗೆ ಕಣ್ಣು ತುಂಬುತ್ತದೆ.

ಹಾಗಾದರೆ ಇಂದು ತಪ್ಪಿದವರಿಗೆ ಏನೂ ಇಲ್ಲವೇ? ಇದೆ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಪರಸಂಗ ಇಂದಿಗೂ ವಿಚ್ಛೇದನಕ್ಕೆ ಕಾರಣ. ಪರಸಂಗದಲ್ಲೇ ಬಾಳುತ್ತಿರುವ ಹೆಂಡತಿಗೆ ಜೀವನಾಂಶ ಇಲ್ಲವೆಂದು ಕ್ರಿಮಿನಲ್ ಕಾನೂನು ಹೇಳುತ್ತದೆ. ಆದರೂ ಮಕ್ಕಳ ಪಾಲು ಮಕ್ಕಳದೇ. ಗಂಡ ತಪ್ಪಿದರೆ ಅಷ್ಟೇ ಖಚಿತವಾಗಿ ಅವನ ಕಿಸೆಗೆ ಕೈ ಹಾಕುವ ಮಾತು ಅಲ್ಲಿಲ್ಲ. ಇದು ನನಗೆ ಸಮ್ಮತವಲ್ಲ. ಜೈಲು ಬೇಡ, ಅದು ಮನಸ್ಸನ್ನು ತಿರುಗಿಸದು, ಮನೆಗೆ ಅನ್ನವನ್ನೂ ತಾರದು. ಆದರೆ ಮನೆಯ ದುಡ್ಡನ್ನು ಹೊರಗೆ ಸುರಿದವರು, ಗಂಡಾಗಲಿ ಹೆಣ್ಣಾಗಲಿ, ಅದನ್ನು ಮನೆಗೆ ತುಂಬಿಕೊಡಬೇಕು. ಕೊಟ್ಟ ಮಾತಿನಲ್ಲಿ ಅರ್ಥವೂ ಇತ್ತಲ್ಲ!

ಊರಿನ ಹಿರಿಯರಿಗೊಂದು ಮಾತು. ಇಂಥ ಸಂಗತಿ ನಿಮ್ಮ ಜಗಲಿಗೆ ಬಂದಾಗ ಯಾರು ಯಾರನ್ನು ಎಲ್ಲಿ ನೋಡಿದರು ಎಂದು ಕೆದಕಬೇಡಿ. ಆ ಹೆಣ್ಣುಮಗಳ ಒಡವೆ ಯಾರ ಹತ್ತಿರ ಇದೆ, ಮನೆಯ ಪತ್ರ ಯಾರ ಹೆಸರಿನಲ್ಲಿದೆ, ಮಕ್ಕಳ ಶಾಲೆಯ ಫೀಸನ್ನು ಈ ತಿಂಗಳು ಯಾರು ಕಟ್ಟುತ್ತಾರೆ, ಅದನ್ನು ಮೊದಲು ಕೇಳಿ.