ಕೈಗೆ ಬಾರದ ಚಿನ್ನವೂ ಕೈಬಿಡದ ದೇವರೂ



ಬಂಗಾರಪೇಟೆಯಿಂದ ಹೊರಟು ಕೋಲಾರದ ಚಿನ್ನದ ಗಣಿಗಳ ನಡುವೆ ಹಾದುಹೋಗುವ ರೈಲುದಾರಿಯು ಮಾರಿಕುಪ್ಪಂನಲ್ಲಿ ಮುಗಿಯುವದು. 1894ರಲ್ಲಿ ಈ ದಾರಿಯನ್ನು ಹಾಕಿದ್ದು ಗಣಿಗಳಿಗೋಸ್ಕರವೇ. ಅಂದು ಜನರು ಕೆಲಸವನ್ನು ಹುಡುಕಿಕೊಂಡು ಇಲ್ಲಿಗೆ ಬಂದಿಳಿಯುತ್ತಿದ್ದರು. ಇಂದು ಅವರ ಮಕ್ಕಳೂ ಮೊಮ್ಮಕ್ಕಳೂ ನಸುಕಿನಲ್ಲಿಯೇ ಬುತ್ತಿ ಕಟ್ಟಿಕೊಂಡು, ಇಲ್ಲಿಂದಲೇ ರೈಲು ಹತ್ತಿ, ಕೂಲಿಗೋಸ್ಕರ ಬೆಂಗಳೂರಿಗೆ ಹೋಗಿ ರಾತ್ರಿಯಲ್ಲಿ ಹಿಂದಿರುಗುತ್ತಾರೆ. ಹಳಿಯು ಅದೇ, ನಿಲ್ದಾಣವು ಅದೇ. ಆಶೆಯ ದಿಕ್ಕು ಮಾತ್ರ ಬೇರೆಯಾಯಿತು.

ಇಂಥ ಊರಿನಲ್ಲಿ, ಕೊಟ್ಟ ದೇವರು ಯಾಕೆ ತೆಗೆದುಕೊಂಡನು, ಇನ್ನು ಆತನನ್ನು ನಂಬುವದು ಹೇಗೆ ಎಂಬ ಪ್ರಶ್ನೆಯು ಬರೀ ಪುಸ್ತಕದ ಪ್ರಶ್ನೆಯಲ್ಲ. ಕೆರೆ ಬತ್ತಿ ರಾಗಿಯ ಪೈರು ಒಣಗಿದ ಹಳ್ಳಿಯಲ್ಲಿಯೂ, ತೊಟ್ಟಿಲು ಬರಿದಾದ ಮನೆಯಲ್ಲಿಯೂ ಇದೇ ಪ್ರಶ್ನೆ ಏಳುತ್ತದೆ. ಆದಕಾರಣ ನಾವು ಇದನ್ನು ಸ್ವಲ್ಪ ವಿಚಾರಿಸೋಣ.

ದುಃಖಪಡುವವರಿಗೆ ನಾವು ಮೊದಲು ಹೇಳುವ ಸಮಾಧಾನವೇನಂದರೆ, ತಾಳಿಕೊಳ್ಳಿರಿ, ಹೋದದ್ದೆಲ್ಲಾ ಇಮ್ಮಡಿಯಾಗಿ ಬರುವದು ಎಂಬದೇ. ಇದಕ್ಕೆ ಈ ಗಣಿಯಲ್ಲಿಯೇ ಒಂದು ದೃಷ್ಟಾಂತವು ಸಿಕ್ಕುತ್ತದೆ. 1880ರಲ್ಲಿ ಇಲ್ಲಿಯ ಕೆಲಸವನ್ನು ಜಾನ್ ಟೇಲರ್ ಮತ್ತು ಮಕ್ಕಳ ಕಂಪೆನಿಯವರು ವಹಿಸಿಕೊಂಡರು. ಮೊದಲ ವರುಷಗಳಲ್ಲಿ ಹಾಕಿದ ಹಣವು ಹೆಚ್ಚು ಕಡಿಮೆ ತೀರಿಹೋಯಿತು, ಚಿನ್ನವು ದೊರೆಯಲಿಲ್ಲ. 1883ರಲ್ಲಿ, ಪೂರ್ವಕಾಲದವರು ತೋಡಿ ಬಿಟ್ಟಿದ್ದ ಹಳೇ ಗುಂಡಿಗಳ ಕೆಳಗೆ ಇನ್ನೂ ಅಗೆದಾಗ ಚಾಂಪಿಯನ್ ಎಂದು ಹೆಸರುಗೊಂಡ ಚಿನ್ನದ ಪದರವು ಸಿಕ್ಕಿತು. ನೋಡಿರಿ, ಇನ್ನೂ ಸ್ವಲ್ಪ ಅಗೆದವರಿಗೆ ಚಿನ್ನ ಸಿಕ್ಕಿತು; ಹಾಗೆಯೇ ಇನ್ನೂ ಸ್ವಲ್ಪ ನಂಬಿದವರಿಗೆ ಭಾಗ್ಯವು ಬರುವದು, ಎಂದು ಬೋಧಿಸುವದು ಸುಲಭ.

ಆದರೆ ಅದೇ ಗಣಿಯ ಕಥೆಯನ್ನು ಕಡೆಯ ವರೆಗೂ ಓದಬೇಕು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಲ್ಲಿ ಸುಮಾರು 30,000 ಮಂದಿ ದುಡಿದರು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುಚ್ಛಕ್ತಿ ಬಂತು. ಚಾಂಪಿಯನ್ ರೀಫ್ ಗಣಿಯು ನೆಲದೊಳಗೆ 3 ಕಿಲೋಮೀಟರಿಗಿಂತಲೂ ಆಳಕ್ಕೆ ಇಳಿಯಿತು. ನೂರಿಪ್ಪತ್ತು ವರುಷಗಳಲ್ಲಿ ಸುಮಾರು 800 ಟನ್ನು ಚಿನ್ನವು ಮೇಲೆ ಬಂತು. ಹಾಗಾದರೂ ಆಳವು ಹೆಚ್ಚಿದಷ್ಟೂ ಖರ್ಚು ಹೆಚ್ಚಿತು, ಕಲ್ಲಿನಲ್ಲಿ ಚಿನ್ನವು ಕಡಿಮೆಯಾಯಿತು. 2001ನೆಯ ಇಸವಿ ಫೆಬ್ರವರಿ 28ರಂದು ಗಣಿಯು ಮುಚ್ಚಿತು. ನೀರೆತ್ತುವ ಯಂತ್ರಗಳು ನಿಂತವು, ಸುರಂಗಗಳಲ್ಲಿ ನೀರು ತುಂಬಿತು. ಅಲ್ಲಿ ಅಗೆದವರು ಸೋಮಾರಿಗಳಾಗಿದ್ದರೋ? ಅವರ ಮನೆಗಳಲ್ಲಿ ಪ್ರಾರ್ಥನೆ ಮಾಡಿದವರು ಅವಿಶ್ವಾಸಿಗಳಾಗಿದ್ದರೋ? ಎಂದಿಗೂ ಅಲ್ಲ. ಹೀಗಿರಲಾಗಿ, ಫಲ ದೊರೆತರೆ ಮಾತ್ರ ನಿಲ್ಲುವ ನಂಬಿಕೆಯು ದೇವರ ಮೇಲಣ ನಂಬಿಕೆಯಲ್ಲ. ಅದು ಚಿನ್ನದ ಮೇಲಣ ನಂಬಿಕೆಯೇ.

ಯೋಬನಿಗೆ ಎಲ್ಲವೂ ಇಮ್ಮಡಿಯಾಯಿತಲ್ಲವೇ ಎಂದು ಕೆಲವರು ಕೇಳಬಹುದು. ಕುರಿ ಒಂಟೆಗಳು ಇಮ್ಮಡಿಯಾದದ್ದು ನಿಜ. ಮಕ್ಕಳು ಪುನಃ ಹುಟ್ಟಿದ್ದೂ ನಿಜ. ಆದರೆ ಮೊದಲು ಸತ್ತ ಹತ್ತು ಮಂದಿ ಮಕ್ಕಳು ಆತನ ಅಂಗಳಕ್ಕೆ ತಿರಿಗಿ ಬರಲಿಲ್ಲ. ಮಗುವನ್ನು ಕಳಕೊಂಡ ತಾಯಿಗೆ ಇದನ್ನು ವಿವರಿಸಬೇಕಾಗಿಲ್ಲ.

ಎರಡನೆಯ ಸಮಾಧಾನವು ಮೊದಲನೆಯದಕ್ಕಿಂತ ಕ್ರೂರವಾದದ್ದು: ಏನೋ ಪಾಪವಿದ್ದಿರಬೇಕು, ಅದಕ್ಕೇ ಹೀಗಾಯಿತು ಎಂಬದು. ಕ್ರೈಸ್ತರಾಗಿ ವರುಷಗಳು ಕಳೆದರೂ ಹಳೇ ಕರ್ಮದ ಲೆಕ್ಕವು ನಮ್ಮ ನಾಲಿಗೆಯನ್ನು ಬಿಟ್ಟಿರುವದಿಲ್ಲ. ಗಣಿಯ ಆಳದಲ್ಲಿ ಬಂಡೆಗಳು ಒತ್ತಡದಿಂದ ತಟ್ಟನೆ ಸಿಡಿದು ಕೆಲಸಗಾರರು ಪ್ರಾಣಬಿಟ್ಟದ್ದು ಎಷ್ಟೋ ಸಾರಿ. ಬಂಡೆಯು ಪಾಪಿಯನ್ನು ಆರಿಸಿಕೊಂಡು ಬಿದ್ದಿತೇ? ಸಿಲೋವದಲ್ಲಿ ಬುರುಜು ಬಿದ್ದು ಹದಿನೆಂಟು ಮಂದಿ ಸತ್ತ ಸಂಗತಿಯನ್ನು ಕುರಿತು ಕರ್ತನು ಮಾತಾಡಿದಾಗ, ಅವರು ಬೇರೆಯವರಿಗಿಂತ ಹೆಚ್ಚು ಅಪರಾಧಿಗಳೆಂಬ ಎಣಿಕೆಯನ್ನು ಸ್ಪಷ್ಟವಾಗಿ ತಳ್ಳಿಬಿಟ್ಟನು. ಆತನು ತಳ್ಳಿದ್ದನ್ನು ನಾವು ಎತ್ತಿಕೊಳ್ಳಬಾರದು.

ಹಾಗಾದರೆ ನಂಬುವದು ಎಂದರೇನು? ಗಣಿಗೆ ಇಳಿಯುವವನು ಉಕ್ಕಿನ ಹಗ್ಗಕ್ಕೆ ತೂಗಿದ ಪಂಜರದಲ್ಲಿ ನಿಂತು ಕತ್ತಲೆಗೆ ಇಳಿಯುತ್ತಿದ್ದನು. ಮೇಲಿನ ಯಂತ್ರವನ್ನು ನಡಿಸುವವನು ಅವನ ಕಣ್ಣಿಗೆ ಕಾಣನು. ಗಂಟೆಯ ಸನ್ನೆಯೇ ಅವರಿಬ್ಬರ ನಡುವಣ ಮಾತು. ಆ ದಿನ ಚಿನ್ನ ಸಿಕ್ಕುವದೆಂದು ಅವನು ನಂಬಿದ್ದಿಲ್ಲ. ಮೇಲಿರುವವನು ತನ್ನನ್ನು ಮರೆಯನೆಂದೇ ನಂಬಿದನು. ನಮ್ಮ ವಿಶ್ವಾಸವೂ ಹೀಗೆಯೇ ಇರಬೇಕು. ಆದರೂ ಈ ಹೋಲಿಕೆಯು ಸಾಲದು. ಯಾಕಂದರೆ ಮನುಷ್ಯರ ಹಗ್ಗವು ಕಡಿದುಹೋಗಬಹುದು. ನಮ್ಮ ಕರ್ತನಾದರೋ ಮೇಲೆ ನಿಂತು ಹಗ್ಗ ಹಿಡಿದವನು ಮಾತ್ರವಲ್ಲ. ತಾನೇ ಕತ್ತಲೆಗೆ ಇಳಿದು ಬಂದವನು. ಗೆತ್ಸೇಮನೆಯಲ್ಲಿ ಆತನು ಬೇಡಿಕೊಂಡ ಪಾತ್ರೆಯು ತೊಲಗಲಿಲ್ಲ. ಶಿಲುಬೆಯ ಮೇಲೆ ಕೈಬಿಡಲ್ಪಟ್ಟವನಂತೆ ಕೂಗಿದನು, ಸಮಾಧಿಯೊಳಗೂ ಇಡಲ್ಪಟ್ಟನು. ಆದಕಾರಣ ನಮ್ಮ ದುಃಖವು ಎಷ್ಟು ಆಳಕ್ಕೆ ಇಳಿದರೂ ಆತನು ಇಳಿಯದಿರುವ ಆಳಕ್ಕೆ ಇಳಿಯಲಾರದು. ಮೂರನೆಯ ದಿನದಲ್ಲಿ ಆತನನ್ನು ಎಬ್ಬಿಸಿದ ದೇವರು ನಮ್ಮನ್ನೂ ಮರೆಯನು.

ಇಂಥ ನಂಬಿಕೆಯು ಅಳುವದನ್ನು ನಿಷೇಧಿಸುವದಿಲ್ಲ. ಯೋಬನು ದೇವರ ಮುಂದೆ ಕಠಿಣವಾಗಿ ವಾದಿಸಿದನು. ಕಡೆಗೆ ದೇವರು ತಪ್ಪು ಹೊರಿಸಿದ್ದು ಉಪದೇಶ ಮಾಡಿದ ಮಿತ್ರರ ಮೇಲೆ. ಅವರು ಮಾಡಿದ ಒಂದೇ ಒಳ್ಳೇ ಕೆಲಸವೆಂದರೆ, ಮೊದಲ ಏಳು ದಿನ ಮಾತಾಡದೆ ಆತನ ಸಂಗಡ ನೆಲದ ಮೇಲೆ ಕೂತದ್ದು. ಅದೇ ಯೋಬನ ಗ್ರಂಥದ 28ನೆಯ ಅಧ್ಯಾಯದಲ್ಲಿ ಗಣಿ ತೋಡುವವರ ವರ್ಣನೆಯುಂಟು: ಮನುಷ್ಯನು ಕತ್ತಲೆಯನ್ನು ಭೇದಿಸಿ ಚಿನ್ನವನ್ನು ತರಬಲ್ಲನು, ಜ್ಞಾನದ ಗಣಿಯನ್ನಾದರೋ ಕಾಣಲಾರನು; ಅದರ ಸ್ಥಳವು ದೇವರಿಗೆ ಮಾತ್ರ ಗೊತ್ತು ಎಂಬದು ಅದರ ತಾತ್ಪರ್ಯ. ನಮ್ಮ ನಷ್ಟದ ಕಾರಣವೂ ಹಾಗೆಯೇ ನಮ್ಮ ಕೈಗೆ ಸಿಕ್ಕದೆ ಇರಬಹುದು.

ಪ್ರಿಯರೇ, ಕಾರಣವು ತಿಳಿಯದಿದ್ದರೂ ಕರ್ತವ್ಯವು ತಿಳಿದದೆ. ಈ ವಾರದಲ್ಲಿ ನಿಮ್ಮ ಸಭೆಯಲ್ಲಿ ದುಃಖದಲ್ಲಿರುವ ಮನೆ ಯಾವದೆಂದು ವಿಚಾರಿಸಿರಿ. ವಿವರಣೆಯನ್ನು ತೆಗೆದುಕೊಂಡು ಹೋಗಬೇಡಿರಿ. ಒಂದು ಸೇರು ರಾಗಿಯನ್ನು ತೆಗೆದುಕೊಂಡು ಹೋಗಿರಿ, ಅವರ ಸಂಗಡ ಕೂತುಕೊಳ್ಳಿರಿ. ದೇವರು ತಮ್ಮನ್ನು ಮರೆಯಲಿಲ್ಲವೆಂಬದನ್ನು ಅನೇಕರು ಮೊದಲು ತಿಳಿಯುವದು, ನೆರೆಯವನು ತಮ್ಮನ್ನು ಮರೆಯಲಿಲ್ಲವೆಂಬದರಿಂದಲೇ.