ಕೃಪೆ ಕೂಲಿಯಲ್ಲ



ಸಾವಿನ ಮನೆಗೆ ಹೋದಾಗ ಗುರುಗಳಾದ ನಮಗೆ ಮತ್ತೆ ಮತ್ತೆ ಎದುರಾಗುವ ಪ್ರಶ್ನೆ ಒಂದಿದೆ: "ಫಾದರ್, ನಮಗೇ ಯಾಕೆ ಹೀಗಾಯಿತು? ನಾವು ಮಾಡಿದ ಪಾಪವಾದರೂ ಏನು?" ನಾನು ಸೆಮಿನರಿಯಲ್ಲಿ ತತ್ತ್ವಶಾಸ್ತ್ರವನ್ನೂ ದೈವಶಾಸ್ತ್ರವನ್ನೂ ವರ್ಷಗಟ್ಟಲೆ ಓದಿದವನು. ಆದರೂ ಆ ಹೊತ್ತಿನಲ್ಲಿ ಬಾಯಿಗೆ ಬರುವುದು "ಎಲ್ಲವೂ ದೇವರ ಚಿತ್ತ" ಎಂಬ ಮಾತೊಂದೇ. ನಾನು ಆ ತಾಯಿಗೆ ಸಾಂತ್ವನ ಹೇಳಿದೆನೋ ಅಥವಾ ಅವಳ ಬಾಯಿ ಮುಚ್ಚಿಸಿ ಬಂದೆನೋ ಎಂಬ ಅಳುಕು ಹಿಂದಿರುಗುವ ದಾರಿಯಲ್ಲಿ ನನ್ನನ್ನು ಎಷ್ಟೋ ಸಲ ಕಾಡಿದೆ.

ಈಚೆಗೆ ಡಿವಿಡಿಯಲ್ಲಿ ನೋಡಿದ ಒಂದು ಹಳೆಯ ಇಂಗ್ಲಿಷ್ ಚಿತ್ರ ಈ ಅಳುಕನ್ನು ಮತ್ತೆ ಕೆದಕಿತು. 1983ರಲ್ಲಿ ತೆರೆಕಂಡ ಅದರ ಹೆಸರು 'ಟೆಂಡರ್ ಮರ್ಸೀಸ್'. ದೇವರ ಮೃದುವಾದ ಕರುಣೆಯನ್ನು ಸೂಚಿಸುವ ಈ ಮಾತು ಇಂಗ್ಲಿಷ್ ಬೈಬಲ್ಲಿನ ಕೀರ್ತನೆಗಳಿಂದ ಬಂದದ್ದು. ಹಾರ್ಟನ್ ಫೂಟ್ ಬರೆದ ಈ ಕತೆಯನ್ನು ಬ್ರೂಸ್ ಬೆರೆಸ್‌ಫರ್ಡ್ ನಿರ್ದೇಶಿಸಿದ್ದಾರೆ. ಚಿತ್ರಕಥೆಗೂ ನಾಯಕನಾಗಿ ನಟಿಸಿದ ರಾಬರ್ಟ್ ಡುವಾಲ್ ಅವರಿಗೂ 1984ರಲ್ಲಿ ಆಸ್ಕರ್ ಪ್ರಶಸ್ತಿ ಬಂತು. ಚಿತ್ರದಲ್ಲಿನ ತಮ್ಮ ಹಾಡುಗಳನ್ನು ಡುವಾಲ್ ತಾವೇ ಹಾಡಿದ್ದಾರೆ.

ಕತೆ ಇಷ್ಟೇ. ಮ್ಯಾಕ್ ಸ್ಲೆಡ್ಜ್ ಎಂಬವನು ಒಂದು ಕಾಲಕ್ಕೆ ಅಮೆರಿಕದ 'ಕಂಟ್ರಿ' ಸಂಗೀತದಲ್ಲಿ ಹೆಸರು ಮಾಡಿದ ಹಾಡುಗಾರ. ಕುಡಿತ ಎಲ್ಲವನ್ನೂ ನುಂಗಿದೆ. ಹೆಂಡತಿಯನ್ನೇ ಕೊಲ್ಲಲು ಹೋದವನಿಂದ ಅವಳೂ ದೂರವಾಗಿದ್ದಾಳೆ, ಮಗಳೂ ದೂರವಾಗಿದ್ದಾಳೆ. ಟೆಕ್ಸಾಸಿನ ಬಯಲಿನಲ್ಲಿ, ಪೆಟ್ರೋಲ್ ಬಂಕಿನ ಜೊತೆಗಿರುವ ಒಂದು ಸಣ್ಣ ಮೋಟೆಲಿನಲ್ಲಿ ಕುಡಿದ ಅಮಲಿಳಿದು ಅವನಿಗೆ ಎಚ್ಚರವಾಗುತ್ತದೆ. ಬಾಡಿಗೆ ಕೊಡಲು ಕೈಯಲ್ಲಿ ಕಾಸಿಲ್ಲ. ಮೋಟೆಲಿನ ಒಡತಿ ರೋಸಾ ಲೀ ವಿಧವೆ. ಅವಳ ಗಂಡ ವಿಯೆಟ್ನಾಂ ಯುದ್ಧದಲ್ಲಿ ಸತ್ತಿದ್ದಾನೆ, ಸನ್ನಿ ಎಂಬ ಪುಟ್ಟ ಮಗನಿದ್ದಾನೆ. ದುಡಿದು ಬಾಕಿ ತೀರಿಸಲು ಅವಳು ಒಪ್ಪುತ್ತಾಳೆ. ಕೆಲಸದಲ್ಲಿರುವಾಗ ಕುಡಿಯಕೂಡದು ಎಂಬುದೊಂದೇ ಷರತ್ತು.

ಬಾಕಿ ತೀರಿದರೂ ಮ್ಯಾಕ್ ಅಲ್ಲಿಂದ ಹೋಗುವುದಿಲ್ಲ. ಮುಂದೆ ಅವರಿಬ್ಬರೂ ಮದುವೆಯಾಗುತ್ತಾರೆ. ಸನ್ನಿ ಮತ್ತು ಮ್ಯಾಕ್ ಒಂದೇ ದಿನ, ಅವರ ಬ್ಯಾಪ್ಟಿಸ್ಟ್ ಸಭೆಯ ಪದ್ಧತಿಯಂತೆ ನೀರಿನಲ್ಲಿ ಮುಳುಗಿ ದೀಕ್ಷಾಸ್ನಾನ ಪಡೆಯುತ್ತಾರೆ. ಮನೆಗೆ ಮರಳುವಾಗ ಹುಡುಗ ಗಾಡಿಯ ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಂಡು, ನಾನೇನಾದರೂ ಬದಲಾಗಿದ್ದೇನೆಯೇ ಎಂದು ಪರೀಕ್ಷಿಸುತ್ತಾನೆ. ನಿನಗೇನಾದರೂ ಬೇರೆ ಅನ್ನಿಸುತ್ತಿದೆಯೇ ಎಂದರೆ, ಇನ್ನೂ ಇಲ್ಲ ಎನ್ನುತ್ತಾನೆ ಮ್ಯಾಕ್. ಪ್ರಿಯರೇ, ಈ ಪ್ರಾಮಾಣಿಕ ಉತ್ತರ ನನಗೆ ಬಹಳ ಹಿಡಿಸಿತು. ಸಂಸ್ಕಾರ ಮುಗಿದ ಕೂಡಲೇ ಮುಖ ಬೆಳಗಬೇಕಾಗಿಲ್ಲ. ದೇವರ ಕೆಲಸ ಬೀಜದ ಕೆಲಸ. ಅದು ಮಣ್ಣಿನೊಳಗೆ ಶುರುವಾಗುತ್ತದೆ. ಮ್ಯಾಕ್ ಒಂದು ದಿನ ಮನಸೋತು ವಿಸ್ಕಿ ಬಾಟಲಿ ಕೊಳ್ಳುತ್ತಾನೆ. ಆದರೆ ಕುಡಿಯದೆ ಸುರಿದು ಮನೆಗೆ ಮರಳುತ್ತಾನೆ. ಮೊಳಕೆ ಎಂದರೆ ಅದೇ. ಮದುವೆಯ ವಿಷಯದಲ್ಲಿ ಅವನ ಬದುಕನ್ನು ನಾನು ಮಾದರಿ ಎನ್ನುತ್ತಿಲ್ಲ; ಆದರೆ ಬಿದ್ದವನು ಏಳುವ ಬಗೆ ಅಲ್ಲಿದೆ.

ಇಷ್ಟಕ್ಕೇ ಮುಗಿದಿದ್ದರೆ ಅದು ಸುಖಾಂತದ ಕತೆಯಾಗುತ್ತಿತ್ತು. ಎಷ್ಟೋ ವರ್ಷಗಳ ಮೇಲೆ ಮಗಳು ಸೂ ಆ್ಯನ್ ತಂದೆಯನ್ನು ಹುಡುಕಿಕೊಂಡು ಬರುತ್ತಾಳೆ. ನಾನು ಚಿಕ್ಕವಳಿದ್ದಾಗ ಪಾರಿವಾಳದ ಹಾಡೊಂದನ್ನು ಹಾಡುತ್ತಿದ್ದೆಯಲ್ಲ, ನೆನಪಿದೆಯೇ ಎಂದು ಕೇಳುತ್ತಾಳೆ. ನೆನಪಿಲ್ಲ ಎಂದುಬಿಡುತ್ತಾನೆ. ಅವಳು ಹೊರಟ ಮೇಲೆ ಕಿಟಕಿಯ ಬಳಿ ಒಬ್ಬನೇ ನಿಂತು ಅದೇ ಹಾಡನ್ನು ಹಾಡುತ್ತಾನೆ. ಅವಳಿಗೆ ಅದನ್ನು ಹಾಡಿ ಕೇಳಿಸುವ ದಿನ ಮತ್ತೆ ಬರುವುದಿಲ್ಲ. ಸ್ವಲ್ಪ ಕಾಲದಲ್ಲೇ ಅವಳು ಕಾರು ಅಪಘಾತದಲ್ಲಿ ಸಾಯುತ್ತಾಳೆ.

ಮಗಳನ್ನು ಮಣ್ಣುಮಾಡಿ ಬಂದ ತಂದೆ ತರಕಾರಿ ತೋಟದಲ್ಲಿ ಗುದ್ದಲಿ ಹಿಡಿದು ನಿಂತು ರೋಸಾ ಲೀಗೆ ತನ್ನ ಮನಸ್ಸು ಬಿಚ್ಚುತ್ತಾನೆ. ನನ್ನ ಮಗಳು ಯಾಕೆ ಸತ್ತಳು, ನಿನ್ನ ಗಂಡ ಯುದ್ಧದಲ್ಲಿ ಯಾಕೆ ಸತ್ತ ಎಂದು ಕೇಳುತ್ತಾನೆ. ಅಷ್ಟೇ ಅಲ್ಲ. ಹಿಂದೊಮ್ಮೆ ಕುಡಿದು ಗಾಡಿ ಉರುಳಿಸಿದಾಗ ನಾನು ಯಾಕೆ ಬದುಕಿ ಉಳಿದೆ? ದಿಕ್ಕಿಲ್ಲದೆ ಬಂದ ನನ್ನನ್ನು ನೀನು ಯಾಕೆ ಕನಿಕರದಿಂದ ಕಂಡೆ? ಹೀಗೂ ಕೇಳುತ್ತಾನೆ. ಸುಖವನ್ನು ನಂಬಲಾರೆ ಎನ್ನುತ್ತಾನೆ. ರೋಸಾ ಲೀ ಉಪದೇಶ ಮಾಡುವುದಿಲ್ಲ. ಸುಮ್ಮನೆ ಜೊತೆಗೆ ನಿಲ್ಲುತ್ತಾಳೆ.

ಪ್ರಿಯ ಓದುಗರೇ, ಮ್ಯಾಕ್‌ನ ಪ್ರಶ್ನೆಗಳನ್ನು ಗಮನಿಸಿ. ನಾವು ಕೆಡುಕು ಬಂದಾಗ ಮಾತ್ರ "ಯಾಕೆ" ಎಂದು ಕೇಳುತ್ತೇವೆ. ಒಳಿತು ಬಂದಾಗ ಕೇಳುವುದಿಲ್ಲ. ಅದು ನಮ್ಮ ದುಡಿಮೆಯ ಕೂಲಿ ಎಂದು ಜೇಬಿಗಿಳಿಸುತ್ತೇವೆ. ಈ ಲೆಕ್ಕದಲ್ಲೇ ಒಂದು ಕ್ರೂರತನ ಅಡಗಿದೆ. ಒಳಿತು ಕೂಲಿಯಾದರೆ ಕೆಡುಕು ದಂಡವಾಗಲೇಬೇಕು. ಆಗ ಮಗುವನ್ನು ಕಳೆದುಕೊಂಡ ತಾಯಿ ದುಃಖದ ಜೊತೆಗೆ ಅಪರಾಧಿ ಎಂಬ ಹೊರೆಯನ್ನೂ ಹೊರಬೇಕಾಗುತ್ತದೆ. ಯೋಬನ ಗೆಳೆಯರು ಮಾಡಿದ ತಪ್ಪು ಇದೇ. ಸಿಲೋವಾಮಿನ ಗೋಪುರ ಕುಸಿದು 18 ಮಂದಿ ಸತ್ತಾಗ, ಅವರು ಉಳಿದವರಿಗಿಂತ ದೊಡ್ಡ ಪಾಪಿಗಳೇನೂ ಅಲ್ಲ ಎಂದು ಯೇಸುಸ್ವಾಮಿ ಖಂಡಿತವಾಗಿ ಹೇಳಿದ್ದನ್ನು ಸಂತ ಲೂಕನ ಶುಭಸಂದೇಶದ 13ನೇ ಅಧ್ಯಾಯದಲ್ಲಿ ಓದುತ್ತೇವೆ.

ಕೃಪೆ ಕೂಲಿಯಲ್ಲ ಎಂದು ಧರ್ಮಸಭೆ ಬೋಧಿಸುತ್ತದೆ. ಅದು ದೇವರು ಬಿಟ್ಟಿಯಾಗಿ ಕೊಡುವ ವರ. ಹಾಗಾದ ಮೇಲೆ ದುಃಖವನ್ನು ಅವರು ವಸೂಲಿ ಮಾಡುವ ದಂಡವೆಂದು ಎಣಿಸಬೇಕಾಗಿಲ್ಲ. "ಯಾಕೆ" ಎಂಬುದಕ್ಕೆ ಇದು ಪೂರ್ತಿ ಉತ್ತರವಲ್ಲ. ಶಿಲುಬೆಯ ಮೇಲಿಂದ ಯೇಸುವೂ ತಂದೆಯನ್ನು ಯಾಕೆ ಎಂದೇ ಕೇಳಿದರು; ಉತ್ತರ ಬಂದದ್ದು ಮೂರನೆಯ ದಿನ, ಅದೂ ಮಾತಿನಲ್ಲಲ್ಲ. ಚಿತ್ರದ ಕೊನೆಯಲ್ಲಿ ಮ್ಯಾಕ್ ಸನ್ನಿಯ ಜೊತೆ ಬಯಲಿನಲ್ಲಿ ಚೆಂಡು ಎಸೆದಾಡುತ್ತಾನೆ. ರೋಸಾ ಲೀ ಬಾಗಿಲಲ್ಲಿ ನಿಂತು ನೋಡುತ್ತಾಳೆ. ಪ್ರಶ್ನೆ ಹಾಗೆಯೇ ಇದೆ. ಮಗುವೂ ಎದುರಿಗಿದೆ.

ಇಂದು ರಾತ್ರಿ ಜಪಸರದ ನಂತರ, ಮನೆಯವರೆಲ್ಲ ಒಟ್ಟಿಗಿರುವಾಗ, ಎರಡು ಬಗೆಯ "ಯಾಕೆ"ಯನ್ನೂ ದೇವರ ಮುಂದಿಡಿ. ಈ ನೋವು ಯಾಕೆ ಎಂದು ಧೈರ್ಯವಾಗಿ ಕೇಳಿ. ಪಕ್ಕದಲ್ಲಿ ಕುಳಿತಿರುವ ಇವರನ್ನು ನನಗೆ ಯಾಕೆ ಕೊಟ್ಟಿರಿ ಎಂದೂ ಕೇಳಿ. ಮಕ್ಕಳು ಹಳೆಯ ಹಾಡೊಂದನ್ನು ಕೇಳಿದರೆ, ನೆನಪಿಲ್ಲ ಎನ್ನಬೇಡಿ. ಸ್ವರ ತಪ್ಪಿದರೂ ಹಾಡಿಬಿಡಿ.

ನಾನೂ ಒಂದು ನಿರ್ಧಾರ ಮಾಡಿದ್ದೇನೆ. ಇನ್ನು ಸಾವಿನ ಮನೆಗೆ ಬಂದರೆ, ನನ್ನ ಮಾತು ಕಡಿಮೆ. ನಿಮ್ಮ ಪಕ್ಕದಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತೇನೆ.